ಕೈಗಿಂತ ಮೊದಲು ಮನಸ್ಸು: ಲಾರ್ಡ್ ಮೆಕಾಲೆಯವರ ಜೀವನ ಮತ್ತು ಅವರು ಬರೆದ ಕಾನೂನು

ನಿಯತ್ತು ಎಂಬ ಮಾತು ಕನ್ನಡ ನಾಡಿನ ಹಳ್ಳಿಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಸಾಲವನ್ನು ಹೇಳಿದ ದಿನಕ್ಕೆ ತೀರಿಸುವವನನ್ನು, ಒಪ್ಪಿಸಿದ ಕೆಲಸವನ್ನು ಯಾರೂ ನೋಡದಿದ್ದರೂ ಸರಿಯಾಗಿ ಮಾಡುವವನನ್ನು ನಿಯತ್ತಿನ ಮನುಷ್ಯ ಎಂದು ಕರೆಯುತ್ತಾರೆ. ಈ ಮಾತು ಅರಬಿಯ ನಿಯ್ಯತ್ ಎಂಬ ಪದದಿಂದ ಬಂದದ್ದು. ಮನಸ್ಸಿನ ಸಂಕಲ್ಪ, ಉದ್ದೇಶ ಎಂಬುದು ಅದರ ಮೂಲ ಅರ್ಥ. ನಮಾಝಿಗೆ ನಿಲ್ಲುವ ಮೊದಲು ನಿಯ್ಯತ್ ಮಾಡಬೇಕೆಂಬುದನ್ನು ನಾವು ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಆದರೆ ಇದೇ ನಿಯ್ಯತ್ತು ನ್ಯಾಯಾಲಯದ ಕಟಕಟೆಯಲ್ಲೂ ಮನುಷ್ಯನ ಭವಿಷ್ಯವನ್ನು ನಿರ್ಧರಿಸುತ್ತದೆ ಎಂಬುದು ನಮ್ಮಲ್ಲಿ ಹಲವರ ಗಮನಕ್ಕೆ ಬಂದಿರಲಾರದು.

ಒಬ್ಬ ಹುಡುಗ ಮಾವಿನಕಾಯಿ ಉದುರಿಸಲು ಕಲ್ಲು ಎಸೆಯುತ್ತಾನೆ. ಮರದ ಆಚೆ, ಅವನ ಕಣ್ಣಿಗೆ ಬೀಳದೆ ನಿಂತಿದ್ದವನ ತಲೆಗೆ ಅದು ಬಿದ್ದು ಪ್ರಾಣ ಹೋಗುತ್ತದೆ. ಇನ್ನೊಬ್ಬ, ಹಳೆಯ ದ್ವೇಷ ತೀರಿಸಿಕೊಳ್ಳಲು ಕಾದು ಕುಳಿತು ಅಂಥದೇ ಕಲ್ಲಿನಿಂದ ಹೊಡೆಯುತ್ತಾನೆ. ಕಲ್ಲು ಒಂದೇ, ಸಾವೂ ಒಂದೇ. ಇಬ್ಬರಿಗೂ ಒಂದೇ ಶಿಕ್ಷೆಯೇ? ಅಲ್ಲ ಎಂದು ಯಾರಾದರೂ ಹೇಳುತ್ತಾರೆ. ಆದರೆ ಯಾಕೆ ಅಲ್ಲ, ವ್ಯತ್ಯಾಸ ಎಷ್ಟು, ಅದನ್ನು ಅಳೆಯುವುದು ಹೇಗೆ ಎಂಬುದನ್ನು ಭಾರತಕ್ಕೆಲ್ಲ ಅನ್ವಯಿಸುವಂತೆ ಅಕ್ಷರದಲ್ಲಿ ಬರೆದಿಟ್ಟವರು ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ. ಶಾಲೆಯ ಪಾಠಗಳಲ್ಲಿ ನಾವು ಈ ಹೆಸರನ್ನು ಓದಿರುವುದು ಬೇರೊಂದು ಕಾರಣಕ್ಕೆ. ಇಂಗ್ಲಿಷ್ ಶಿಕ್ಷಣವನ್ನು ತಂದವರು, ಪೂರ್ವದೇಶಗಳ ವಿದ್ಯೆಯನ್ನು ಹೀಗಳೆದವರು ಎಂದು. ಅದೂ ನಿಜ, ಇದೂ ನಿಜ. ಎರಡನ್ನೂ ಜೊತೆಗಿಟ್ಟು ನೋಡಿದಾಗ ಮಾತ್ರ ಅವರ ಜೀವನ ಪೂರ್ತಿಯಾಗಿ ಅರ್ಥವಾಗುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮೆಕಾಲೆಯವರು 1800ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ಲೀಸೆಸ್ಟರ್‌ಷೈರಿನ ರಾಥ್ಲಿ ಟೆಂಪಲ್ ಎಂಬಲ್ಲಿ ಜನಿಸಿದರು. ತಂದೆ ಝಕಾರಿ ಮೆಕಾಲೆ, ತಾಯಿ ಸೆಲಿನಾ. ತಂದೆ ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ ಗವರ್ನರ್ ಆಗಿದ್ದವರು. ಮನುಷ್ಯರನ್ನು ಸರಕಿನಂತೆ ಮಾರುವ ಗುಲಾಮರ ವ್ಯಾಪಾರವನ್ನು ಹತ್ತಿರದಿಂದ ಕಂಡು, ಅದನ್ನು ಕೊನೆಗಾಣಿಸುವ ಹೋರಾಟಕ್ಕೆ ತಮ್ಮ ಬದುಕನ್ನೇ ಮುಡಿಪಾಗಿಟ್ಟವರು. ಮನೆಯಲ್ಲಿ ದಿನವೂ ಅದೇ ಮಾತು, ಅದೇ ಪತ್ರ ವ್ಯವಹಾರ. ಇಂಥ ಮನೆಯಲ್ಲಿ ಬೆಳೆದ ಬಾಲಕನಿಗೆ ಅಸಾಧಾರಣ ಜ್ಞಾಪಕಶಕ್ತಿಯಿತ್ತು. ಒಮ್ಮೆ ಓದಿದ್ದು ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುತ್ತಿತ್ತು.

1818ರಲ್ಲಿ ಅವರು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು ಸೇರಿದರು. ಸಾಹಿತ್ಯ, ಇತಿಹಾಸ, ಭಾಷಣಗಳಲ್ಲಿ ಮುಂದಿದ್ದರೂ ಗಣಿತ ಮಾತ್ರ ಅವರಿಗೆ ಒಲಿಯಲಿಲ್ಲ. ಆ ಕಾರಣದಿಂದಲೇ 1822ರ ಪರೀಕ್ಷೆಯಲ್ಲಿ ಶ್ರೇಣಿ ತಪ್ಪಿಹೋಯಿತು. ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಅಲ್ಲಿಗೇ ನಿಲ್ಲಬೇಕಾಗಿಲ್ಲ ಎಂಬುದಕ್ಕೆ ನಮ್ಮ ವಿದ್ಯಾರ್ಥಿಗಳಿಗೆ ಇದೊಂದು ಉದಾಹರಣೆ. ಎರಡೇ ವರ್ಷಗಳಲ್ಲಿ ಅದೇ ಕಾಲೇಜು ಅವರನ್ನು ಫೆಲೋ ಆಗಿ ಆರಿಸಿತು. 1825ರಲ್ಲಿ ಎಡಿನ್‌ಬರೊ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾದ ಮಿಲ್ಟನ್ ಕವಿಯ ಕುರಿತ ಪ್ರಬಂಧ ಅವರಿಗೆ ರಾತ್ರಿ ಬೆಳಗಾಗುವುದರಲ್ಲಿ ಹೆಸರು ತಂದಿತು. 1826ರಲ್ಲಿ ವಕೀಲರಾಗಿ ಸನ್ನದು ಪಡೆದರೂ ವಕೀಲಿ ವೃತ್ತಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಅಷ್ಟರಲ್ಲಿ ತಂದೆಯ ವ್ಯಾಪಾರ ಮುಳುಗಿತು. ತಮ್ಮಂದಿರು, ತಂಗಿಯರು ತುಂಬಿದ್ದ ಸಂಸಾರದ ಹೊಣೆ ಹಿರಿಯ ಮಗನ ಹೆಗಲಿಗೆ ಬಿತ್ತು.

1830ರಲ್ಲಿ ಪಾರ್ಲಿಮೆಂಟ್ ಪ್ರವೇಶಿಸಿದ ಮೆಕಾಲೆ, ಮತದಾನದ ಹಕ್ಕನ್ನು ವಿಸ್ತರಿಸುವ ಸುಧಾರಣಾ ಮಸೂದೆಯ ಪರವಾಗಿ ಮಾಡಿದ ಭಾಷಣಗಳಿಂದ ದೇಶದ ಗಮನ ಸೆಳೆದರು. ಭಾರತದ ಆಡಳಿತವನ್ನು ಲಂಡನ್ನಿನಿಂದ ನೋಡಿಕೊಳ್ಳುತ್ತಿದ್ದ ಮಂಡಳಿಯಲ್ಲಿ ಕಾರ್ಯದರ್ಶಿಯಾದರು. 1833ರ ಚಾರ್ಟರ್ ಕಾಯಿದೆಯನ್ನು ಸಭೆಯಲ್ಲಿ ಸಮರ್ಥಿಸಿದವರಲ್ಲಿ ಅವರು ಪ್ರಮುಖರು. ಧರ್ಮ, ಹುಟ್ಟಿದ ಸ್ಥಳ, ವಂಶ ಅಥವಾ ಬಣ್ಣದ ಕಾರಣಕ್ಕಾಗಿ ಯಾವ ಭಾರತೀಯನನ್ನೂ ಸರ್ಕಾರಿ ಹುದ್ದೆಯಿಂದ ದೂರವಿಡಬಾರದೆಂಬ ಕಲಂ ಆ ಕಾಯಿದೆಯಲ್ಲಿತ್ತು. ಅದು ಕಾರ್ಯರೂಪಕ್ಕೆ ಬರಲು ಬಹಳ ಕಾಲ ಹಿಡಿಯಿತೆಂಬುದು ಬೇರೆ ಮಾತು. ಗವರ್ನರ್ ಜನರಲ್ ಅವರ ಕೌನ್ಸಿಲ್ಲಿನಲ್ಲಿ ಕಾನೂನು ಸದಸ್ಯನ ಹೊಸ ಹುದ್ದೆಯನ್ನೂ ಅದೇ ಕಾಯಿದೆ ಸೃಷ್ಟಿಸಿತು. ಆ ಹುದ್ದೆಗೆ ಮೆಕಾಲೆಯವರೇ ನೇಮಕಗೊಂಡರು. ಸಂಬಳ ವರ್ಷಕ್ಕೆ 10,000 ಪೌಂಡು. ಕೆಲವು ವರ್ಷ ದುಡಿದು ಮನೆಯವರನ್ನು ಕಷ್ಟದಿಂದ ಪಾರುಮಾಡಬಹುದೆಂಬುದು ಅವರು ಹಡಗು ಹತ್ತಲು ಮುಖ್ಯ ಕಾರಣ.

ಶ್ರೀರಂಗಪಟ್ಟಣದ ದಾರಿಯಲ್ಲಿ

1834ರ ಜೂನ್ 10ರಂದು ಅವರು ಮದರಾಸಿನಲ್ಲಿ ಇಳಿದರು. ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ ಆಗ ಊಟಿಯಲ್ಲಿದ್ದರು. ಅವರನ್ನು ಕಾಣಲು ಮೆಕಾಲೆ ಪಲ್ಲಕ್ಕಿಯಲ್ಲಿ ಹೊರಟರು. ದಾರಿ ನಮ್ಮ ನಾಡಿನ ಮೂಲಕವೇ ಹಾದುಹೋಯಿತು. ಬೆಂಗಳೂರು ದಾಟಿ ಅವರು ಶ್ರೀರಂಗಪಟ್ಟಣಕ್ಕೆ ಬಂದರು. ಆ ಊರಿನ ಹೆಸರು ಅವರಿಗೆ ಬಾಲ್ಯದಿಂದಲೇ ಪರಿಚಿತ. ಅವರ ದೊಡ್ಡಪ್ಪ ಕಾಲಿನ್ ಮೆಕಾಲೆ ಮೈಸೂರು ಯುದ್ಧದ ಕಾಲದಲ್ಲಿ ಅಲ್ಲಿ ಸೆರೆಯಾಳಾಗಿದ್ದವರು. 1799ರಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದ ಕೋಟೆಯನ್ನು, ಆ ಯುದ್ಧ ಮುಗಿದು 35 ವರ್ಷಗಳ ನಂತರ, ಗೆದ್ದವರ ಕಡೆಯ ಯುವಕನೊಬ್ಬ ಹೀಗೆ ಕುತೂಹಲದಿಂದ ಸುತ್ತಾಡಿ ನೋಡಿದ. ಅಲ್ಲಿಂದ ಮೈಸೂರಿಗೆ ಹೋಗಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕಂಡು ನೀಲಗಿರಿ ಏರಿದರು. ಸೆಪ್ಟೆಂಬರಿನಲ್ಲಿ ಕಲ್ಕತ್ತೆ ತಲುಪಿದರು.

ಶಿಕ್ಷಣದ ಟಿಪ್ಪಣಿ

1835ರ ಫೆಬ್ರವರಿ 2ರಂದು ಅವರು ಶಿಕ್ಷಣದ ಬಗ್ಗೆ ಬರೆದ ಟಿಪ್ಪಣಿ ಇಂದಿಗೂ ಚರ್ಚೆಯಲ್ಲಿದೆ. ಸರ್ಕಾರದ ಹಣ ಅರಬಿ ಮತ್ತು ಸಂಸ್ಕೃತ ವಿದ್ಯೆಗೆ ಹೋಗಬೇಕೇ, ಇಂಗ್ಲಿಷಿನ ಮೂಲಕ ಕಲಿಸುವ ವಿದ್ಯೆಗೆ ಹೋಗಬೇಕೇ ಎಂಬುದು ಆಗಿನ ಪ್ರಶ್ನೆ. ಮೆಕಾಲೆ ಇಂಗ್ಲಿಷಿನ ಪರ ನಿಂತರು. ಅರಬಿಯಾಗಲಿ ಸಂಸ್ಕೃತವಾಗಲಿ ಅವರಿಗೆ ಬರುತ್ತಿರಲಿಲ್ಲ. ಅದನ್ನು ಅವರೇ ಒಪ್ಪಿಕೊಂಡಿದ್ದರು. ಆದರೂ ಅನುವಾದಗಳನ್ನಷ್ಟೇ ನೋಡಿ, ಆ ಎರಡು ಸಾಹಿತ್ಯಗಳ ಮೇಲೆ ತಿರಸ್ಕಾರದ ತೀರ್ಪು ಬರೆದರು. 1780ರಲ್ಲಿ ಸ್ಥಾಪನೆಯಾಗಿದ್ದ ಕಲ್ಕತ್ತಾ ಮದರಸವನ್ನು ಮುಚ್ಚಬೇಕೆಂಬ ಸಲಹೆಯೂ ಅದರಲ್ಲಿತ್ತು. ಕಲ್ಕತ್ತೆಯ ಸುಮಾರು 8,000 ಮುಸ್ಲಿಮರು ಸಹಿ ಹಾಕಿ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಮದರಸ ಉಳಿಯಿತು. ಆದರೆ ಮಾರ್ಚ್ 7ರ ಆಜ್ಞೆಯ ಮೂಲಕ ಬೆಂಟಿಂಕ್ ಸರ್ಕಾರ ಹಣವನ್ನು ಇಂಗ್ಲಿಷ್ ಶಿಕ್ಷಣದ ಕಡೆಗೆ ತಿರುಗಿಸಿತು. 1837ರಲ್ಲಿ ನ್ಯಾಯಾಲಯ ಮತ್ತು ಕಂದಾಯ ಕಚೇರಿಗಳಿಂದ ಪಾರ್ಸಿ ಭಾಷೆಯನ್ನು ತೆಗೆಯುವ ಕಾಯಿದೆಯೂ ಬಂದಿತು. ತಲೆಮಾರುಗಳಿಂದ ಪಾರ್ಸಿ ಕಲಿತು ಕಚೇರಿಗಳಲ್ಲಿ ದುಡಿಯುತ್ತಿದ್ದ ಮನೆತನಗಳು ಏಕಾಏಕಿ ಅನಕ್ಷರಸ್ಥರಂತಾದವು. ಆ ಪೆಟ್ಟಿನಿಂದ ಚೇತರಿಸಿಕೊಳ್ಳಲು ಸಮುದಾಯಕ್ಕೆ ಬಹುಕಾಲ ಬೇಕಾಯಿತು. ಶಿಕ್ಷಣ ಸಂಸ್ಥೆಗಳನ್ನು ಕಟ್ಟುವ ನಮ್ಮಂಥವರ ಕೆಲಸದ ಹಿಂದೆಯೂ ಆ ಇತಿಹಾಸವಿದೆ.

ದೇಶದಲ್ಲಿದ್ದ ಕಾನೂನು

ಅದೇ 1835ರಲ್ಲಿ ಮೆಕಾಲೆಯವರ ಅಧ್ಯಕ್ಷತೆಯಲ್ಲಿ ಮೊದಲ ಕಾನೂನು ಆಯೋಗ ಕೆಲಸ ಆರಂಭಿಸಿತು. ಭಾರತಕ್ಕೆಲ್ಲ ಒಂದೇ ಅಪರಾಧ ಕಾನೂನು ಬರೆಯುವುದು ಅದರ ಮೊದಲ ಕೆಲಸ. ಆಗಿನ ಸ್ಥಿತಿ ಹೇಗಿತ್ತೆಂದರೆ, ಬಂಗಾಳ ಪ್ರಾಂತ್ಯದಲ್ಲಿ ಗಂಭೀರವಾದ ಖೋಟಾ ದಸ್ತಾವೇಜಿಗೆ ಸುಳ್ಳು ಸಾಕ್ಷಿಗಿಂತ ಎರಡು ಪಟ್ಟು ಜೈಲು. ಬೊಂಬಾಯಿಯಲ್ಲಿ ಅದು ತಿರುಗಿ, ಸುಳ್ಳು ಸಾಕ್ಷಿಗೇ ಎರಡು ಪಟ್ಟು. ಮದರಾಸಿನಲ್ಲಿ ಎರಡಕ್ಕೂ ಸಮ. ಕಲ್ಕತ್ತೆ, ಮದರಾಸು, ಬೊಂಬಾಯಿ ನಗರಗಳೊಳಗೆ ಇಂಗ್ಲೆಂಡಿನ ಕಾನೂನು ನಡೆಯುತ್ತಿತ್ತು. ಅಂದರೆ ಊರು ಬದಲಾದರೆ ತಪ್ಪಿನ ತೂಕವೂ ಬದಲಾಗುತ್ತಿತ್ತು.

ಬಂಗಾಳದಲ್ಲಿ ಮೂಲವಾಗಿ ನಡೆಯುತ್ತಿದ್ದುದು, ಕಂಪನಿಯ ನಿಬಂಧನೆಗಳಿಂದ ತಿದ್ದಲ್ಪಟ್ಟ ಇಸ್ಲಾಮಿ ಅಪರಾಧ ಕಾನೂನು. ಅಲ್ಲಿ ಉದ್ದೇಶದ ಪ್ರಶ್ನೆ ಹೊಸದೇನಲ್ಲ. ಉದ್ದೇಶಪೂರ್ವಕ ಕೊಲೆ, ಅದಕ್ಕೆ ಸಮೀಪವಾದ ಕೊಲೆ, ತಪ್ಪಿನಿಂದಾದ ಕೊಲೆ ಎಂದು ಫಿಕ್ಹ್ ಪಂಡಿತರು ಮೊದಲಿನಿಂದಲೇ ವಿಂಗಡಿಸಿದ್ದರು. ಮನಸ್ಸನ್ನು ಕಣ್ಣಿಂದ ಕಾಣಲಾಗದು, ಹಾಗಾಗಿ ಬಳಸಿದ ಆಯುಧದಿಂದ ಅದನ್ನು ತಿಳಿಯಬೇಕೆಂಬುದು ಇಮಾಮ್ ಅಬೂ ಹನೀಫಾರ ನಿಲುವು. ಹರಿತವಾದ ಆಯುಧವಾದರೆ ಕೊಲ್ಲುವ ಉದ್ದೇಶ ಖಚಿತ. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅವರು, ಸಾಮಾನ್ಯವಾಗಿ ಪ್ರಾಣ ತೆಗೆಯುವಂಥ ಯಾವ ಸಾಧನವಾದರೂ ಸಾಕೆಂದು ವಾದಿಸಿದರು. 8ನೆಯ ಶತಮಾನದಲ್ಲಿ ಗುರುಶಿಷ್ಯರ ನಡುವೆ ನಡೆದ ಈ ಚರ್ಚೆ ಸಾವಿರ ವರ್ಷಗಳ ನಂತರ ಬಂಗಾಳದ ನ್ಯಾಯಾಲಯಗಳಲ್ಲಿ ಮತ್ತೆ ಎದುರಾಯಿತು. 1790ರಲ್ಲಿ ಕಾರ್ನ್‌ವಾಲಿಸ್ ಶಿಷ್ಯರ ಅಭಿಪ್ರಾಯವನ್ನು ಆರಿಸಿಕೊಂಡು, ಶಿಕ್ಷೆಗೆ ಆಯುಧವಲ್ಲ, ಉದ್ದೇಶವೇ ಅಳತೆಗೋಲೆಂದು ನಿಯಮ ಮಾಡಿದರು. ಈ ಸಮೃದ್ಧ ಪರಂಪರೆಯನ್ನು ಮೆಕಾಲೆಯವರ ಆಯೋಗ ತನ್ನ ಕೆಲಸಕ್ಕೆ ಅಡಿಪಾಯ ಮಾಡಿಕೊಳ್ಳಲಿಲ್ಲ. ಫ್ರೆಂಚ್ ಸಂಹಿತೆಯನ್ನು, ಅಮೆರಿಕದ ಲೂಸಿಯಾನಾಕ್ಕಾಗಿ ಲಿವಿಂಗ್‌ಸ್ಟನ್ ಬರೆದ ಸಂಹಿತೆಯನ್ನು ಅದು ನೋಡಿತು. ಉಳಿದದ್ದನ್ನು ತನ್ನ ವಿವೇಚನೆಯಿಂದಲೇ ಕಟ್ಟಿತು.

ಮನಸ್ಸನ್ನು ಅಳೆದ ಬಗೆ

ಆಯೋಗದಲ್ಲಿ ಮ್ಯಾಕ್ಲಿಯಾಡ್, ಆಂಡರ್ಸನ್, ಮಿಲೆಟ್, ಕ್ಯಾಮರಾನ್ ಎಂಬವರೂ ಇದ್ದರು. 1836ರ ಮಳೆಗಾಲದಲ್ಲಿ ಸಹೋದ್ಯೋಗಿಗಳು ಕಾಯಿಲೆ ಬಿದ್ದಾಗ ಮೆಕಾಲೆ ಹೆಚ್ಚುಕಡಿಮೆ ಒಬ್ಬರೇ ಕುಳಿತು ಬರೆಯಬೇಕಾಯಿತು. 1837ರಲ್ಲಿ 488 ಕಲಮುಗಳ ಕರಡು ಸಿದ್ಧವಾಯಿತು.

ಇಂಗ್ಲೆಂಡಿನ ವಕೀಲರು ಒಂದು ಹಳೆಯ ಲ್ಯಾಟಿನ್ ಸೂತ್ರವನ್ನು ನೆಚ್ಚಿಕೊಂಡಿದ್ದರು. ಮನಸ್ಸು ತಪ್ಪಿತಸ್ಥವಲ್ಲದಿದ್ದರೆ ಕೃತ್ಯ ಮಾತ್ರದಿಂದ ಯಾರೂ ಅಪರಾಧಿಯಲ್ಲ ಎಂಬುದು ಅದರ ಸಾರ. ಕಾನೂನು ವಿದ್ಯಾರ್ಥಿಗಳು ಮೆನ್ಸ್ ರಿಯಾ ಎಂದು ಓದುವುದು ಇದನ್ನೇ. ಸೂತ್ರ ಚೆನ್ನಾಗಿದೆ, ಆದರೆ ಮಸುಕಾಗಿದೆ. ಯಾವ ಅಪರಾಧಕ್ಕೆ ಯಾವ ಬಗೆಯ ಮನಸ್ಸು ಬೇಕೆಂದು ಅದು ಹೇಳುವುದಿಲ್ಲ. ಆ ಸೂತ್ರ ಭಾರತದ ಸಂಹಿತೆಯಲ್ಲಿ ಎಲ್ಲೂ ಕಾಣಿಸುವುದಿಲ್ಲ. ಅದರ ಬದಲು ಒಂದೊಂದು ಅಪರಾಧದ ವ್ಯಾಖ್ಯೆಯೊಳಗೇ ಬೇಕಾದ ಮನಸ್ಥಿತಿಯನ್ನು ಹೆಸರಿಸಲಾಗಿದೆ. ಉದ್ದೇಶದಿಂದ, ಅರಿತು, ನಂಬಲು ಕಾರಣವಿದ್ದು, ಸ್ವಇಚ್ಛೆಯಿಂದ, ಅಪ್ರಾಮಾಣಿಕವಾಗಿ, ವಂಚಿಸುವ ಸಲುವಾಗಿ ಎಂಬ ಮಾತುಗಳು ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಒಂದೊಂದಕ್ಕೂ ಬೇರೆ ಬೇರೆ ತೂಕವಿದೆ. ಬೇರೊಬ್ಬನ ಕೊಡೆಯನ್ನು ತನ್ನದೆಂದೇ ಪ್ರಾಮಾಣಿಕವಾಗಿ ನಂಬಿ ಎತ್ತಿಕೊಂಡು ಹೋದವನು ಕಳ್ಳನಲ್ಲ, ಏಕೆಂದರೆ ಅಪ್ರಾಮಾಣಿಕತೆ ಅವನಲ್ಲಿಲ್ಲ. ಹಸಿದ ಮಗುವಿಗಾಗಿ ಅಂಗಡಿಯಿಂದ ರೊಟ್ಟಿ ಕದ್ದವನ ಕಾರಣ ಮನ ಕರಗಿಸುವಂಥದು. ಆದರೂ ಇನ್ನೊಬ್ಬರದನ್ನು ಅನ್ಯಾಯವಾಗಿ ಪಡೆಯುವ ಉದ್ದೇಶ ಅವನಲ್ಲಿದೆ. ಆ ಕಾರಣ ಶಿಕ್ಷೆಯನ್ನು ಇಳಿಸಬಹುದು, ಅಪರಾಧವನ್ನು ಅಳಿಸದು. ಪ್ರೇರಣೆ ಬೇರೆ, ಉದ್ದೇಶ ಬೇರೆ ಎಂಬ ಈ ಭೇದವನ್ನು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕು.

ಕಲಮುಗಳ ಕೆಳಗೆ ಚಿಕ್ಕ ಚಿಕ್ಕ ದೃಷ್ಟಾಂತಗಳನ್ನು ಸೇರಿಸಿದ್ದು ಮೆಕಾಲೆಯವರ ಇನ್ನೊಂದು ವಿಶೇಷ. ಕರಡಿನ ಜೊತೆ ಅವರು ಬರೆದ ಟಿಪ್ಪಣಿಗಳಲ್ಲೂ ಅಂಥ ಪ್ರಸಂಗಗಳಿವೆ. ಹೂಗ್ಲಿ ನದಿಯಲ್ಲಿ ಎಚ್ಚರದಿಂದ ಹಡಗು ನಡೆಸುತ್ತಿದ್ದ ನಾವಿಕನೊಬ್ಬ, ಹೊಸದಾಗಿ ಎದ್ದ, ಯಾರಿಗೂ ತಿಳಿಯದ ಮರಳದಿಬ್ಬಕ್ಕೆ ಹಡಗು ಡಿಕ್ಕಿ ಹೊಡೆಸಿ ಜನರು ಸತ್ತರೆ ಅವನು ಕೊಲೆಗಾರನಲ್ಲ. ಅವನು ಆ ವೇಳೆಗೆ ಅಪರಾಧಿಯೊಬ್ಬನನ್ನು ಕದ್ದು ಸಾಗಿಸುತ್ತಿದ್ದರೂ ಆ ತಪ್ಪಿಗೆ ತಕ್ಕ ಶಿಕ್ಷೆ ಆಗಲಿ, ಆದರೆ ಆಕಸ್ಮಿಕ ಸಾವಿಗಾಗಿ ಗಲ್ಲು ಬೇಡ ಎಂಬುದು ಅವರ ವಾದ. ಜೇಬುಗಳ್ಳನೊಬ್ಬ ಕೈಹಾಕಿದ ಜೇಬಿನಲ್ಲಿ ಗುಂಡು ತುಂಬಿದ ಪಿಸ್ತೂಲು ಇದ್ದು, ಅದು ಸಿಡಿದು ಯಜಮಾನ ಸತ್ತರೂ ಹಾಗೆಯೇ. ಆ ಕಳ್ಳನ ಮನಸ್ಸು ಉಳಿದ ನೂರು ಜೇಬುಗಳ್ಳರ ಮನಸ್ಸಿಗಿಂತ ಬೇರೆಯಲ್ಲ, ದುರದೃಷ್ಟವಷ್ಟೇ ಬೇರೆ. ಅಂದಿನ ಇಂಗ್ಲೆಂಡಿನ ಕಾನೂನು ಇಂಥವರನ್ನು ಕೊಲೆಗಾರರೆಂದೇ ಎಣಿಸಬಹುದಾಗಿತ್ತು. ತಮ್ಮ ದೇಶದ ಕಾನೂನಿಗಿಂತ ನ್ಯಾಯವಾದದ್ದನ್ನು ಮೆಕಾಲೆ ಇಲ್ಲಿ ಬರೆದರು.

ಏನನ್ನೂ ಮಾಡದೆ ಸುಮ್ಮನಿದ್ದುದೂ ಅಪರಾಧವಾಗಬಹುದೇ? ಇದಕ್ಕೂ ಅವರಲ್ಲಿ ದೃಷ್ಟಾಂತವಿದೆ. ತುಂಬಿ ಹರಿಯುವ ಹೊಳೆಯನ್ನು ದಾಟಲು ಪ್ರಯಾಣಿಕ ಇಳಿಯುತ್ತಾನೆ. ಅಪಾಯ ಗೊತ್ತಿದ್ದವನು ಬಾಯಿ ಬಿಡುವುದಿಲ್ಲ. ಅವನು ಎಚ್ಚರಿಸಲೆಂದೇ ಸರ್ಕಾರ ನಿಲ್ಲಿಸಿದ ಜವಾನನಾಗಿದ್ದರೆ, ಅಥವಾ ಕೂಲಿಗೆ ಒಪ್ಪಿಕೊಂಡ ದಾರಿಗಾರನಾಗಿದ್ದರೆ, ಸಾಯಲೆಂದು ಸುಮ್ಮನಿದ್ದುದು ಕೊಲೆ. ದಡದಲ್ಲಿ ನಿಂತ ದಾರಿಹೋಕನಾಗಿದ್ದರೆ ಅವನು ಕೆಟ್ಟವನು, ಆದರೆ ಕಾನೂನಿನ ಕೈಗೆ ಸಿಗುವವನಲ್ಲ. ಕೆಟ್ಟತನಕ್ಕೆಲ್ಲ ಶಿಕ್ಷೆ ಕೊಡಲು ಹೊರಟರೆ ಗೆರೆ ಎಳೆಯುವುದು ಎಲ್ಲಿ ಎಂಬುದು ಅವರನ್ನು ಕಾಡಿದ ಪ್ರಶ್ನೆ.

ತಂದೆಯ ಮನೆಯ ಪಾಠವೂ ಕರಡಿನಲ್ಲಿ ಕಾಣುತ್ತದೆ. ಸ್ವತಂತ್ರ ಮನುಷ್ಯನಿಗೆ ಮಾಡಿದರೆ ಅಪರಾಧವಾಗುವ ಯಾವ ಕೃತ್ಯವೂ ಗುಲಾಮನಿಗೆ ಮಾಡಿದ್ದರಿಂದ ಮಾಫಿಯಾಗಬಾರದೆಂದು ಅವರು ನಿಲುವು ತಳೆದರು. ಮರಣದಂಡನೆಯನ್ನು ಕೊಲೆಗೆ ಮತ್ತು ರಾಜ್ಯದ ವಿರುದ್ಧದ ಅತಿ ದೊಡ್ಡ ಅಪರಾಧಕ್ಕೆ ಸೀಮಿತಗೊಳಿಸಿದರು. ಛಡಿಯೇಟಿನ ಶಿಕ್ಷೆಯನ್ನು ಕೈಬಿಟ್ಟರು.

ಮರಳಿ ಇಂಗ್ಲೆಂಡಿಗೆ

1838ರ ಜನವರಿಯಲ್ಲಿ ಮೆಕಾಲೆ ಭಾರತದಿಂದ ಹೊರಟರು. ಹಡಗು ಸಮುದ್ರದಲ್ಲಿರುವಾಗಲೇ ತಂದೆ ತೀರಿಕೊಂಡಿದ್ದರು. ಮುಂದೆ ಅವರು ಎಡಿನ್‌ಬರೊ ಕ್ಷೇತ್ರದ ಸದಸ್ಯರಾದರು, ಮಂತ್ರಿಯಾದರು, 1847ರ ಚುನಾವಣೆಯಲ್ಲಿ ಸೋತರು. 1848ರಲ್ಲಿ ಬಂದ ಇಂಗ್ಲೆಂಡಿನ ಇತಿಹಾಸದ ಮೊದಲ ಸಂಪುಟಗಳು ಅವರನ್ನು ಆ ಕಾಲದ ಅತಿ ಜನಪ್ರಿಯ ಇತಿಹಾಸಕಾರರನ್ನಾಗಿ ಮಾಡಿದವು. ಅವರು ಮದುವೆಯಾಗಲಿಲ್ಲ. ತಂಗಿ ಹಾನಾ ಮತ್ತು ಅವಳ ಮಕ್ಕಳೇ ಅವರ ಸಂಸಾರ.

ಆದರೆ ಕಾನೂನು ಬರೆಯುವಾಗ ಇದ್ದ ಎಚ್ಚರ, ಇತಿಹಾಸ ಬರೆಯುವಾಗ ಯಾವಾಗಲೂ ಅವರ ಜೊತೆಗಿರಲಿಲ್ಲ. 1841ರಲ್ಲಿ ವಾರನ್ ಹೇಸ್ಟಿಂಗ್ಸ್ ಕುರಿತು ಬರೆದ ಪ್ರಬಂಧದಲ್ಲಿ, 1775ರಲ್ಲಿ ಮಹಾರಾಜ ನಂದಕುಮಾರರನ್ನು ಖೋಟಾ ದಸ್ತಾವೇಜಿನ ಆರೋಪದ ಮೇಲೆ ಗಲ್ಲಿಗೇರಿಸಿದ ಪ್ರಸಂಗ ಬರುತ್ತದೆ. ಭಾರತೀಯರಿಗೆ ಅರಿವೇ ಇಲ್ಲದ ಇಂಗ್ಲಿಷ್ ಕಾನೂನನ್ನು ಹೇರಿ ಪ್ರಾಣ ತೆಗೆದದ್ದು ಅನ್ಯಾಯವೆಂಬ ಅವರ ಮರುಕ ಸರಿಯಾದದ್ದೇ. ಆದರೆ ಅವರು ಅಲ್ಲಿಗೆ ನಿಲ್ಲದೆ, ನ್ಯಾಯಾಧೀಶ ಇಂಪೆ ಹೇಸ್ಟಿಂಗ್ಸ್‌ಗೆ ಅನುಕೂಲವಾಗಲೆಂದೇ ಬೇಕೆಂದು ಕೊಲ್ಲಿಸಿದರೆಂದು ಖಚಿತವಾಗಿ ಬರೆದುಬಿಟ್ಟರು. ಮುಂದೆ ಭಾರತದಲ್ಲಿ ಕಾನೂನು ಸದಸ್ಯರಾಗಿ 1872ರ ಸಾಕ್ಷ್ಯ ಕಾಯಿದೆಯನ್ನು ಬರೆದ ಫಿಟ್ಜ್‌ಜೇಮ್ಸ್ ಸ್ಟೀಫನ್, ಮೆಕಾಲೆಯವರ ಸಂಹಿತೆಯನ್ನು ಬಹಳವಾಗಿ ಮೆಚ್ಚಿದವರು. ಅವರೇ 1885ರಲ್ಲಿ ಎರಡು ಸಂಪುಟಗಳ ಪುಸ್ತಕ ಬರೆದು, ವಿಚಾರಣೆಯ ದಾಖಲೆಗಳನ್ನು ಪರಿಶೀಲಿಸಿ, ಇಂಪೆಯವರ ಮೇಲಿನ ಆ ಆರೋಪಕ್ಕೆ ಪುರಾವೆಯಿಲ್ಲವೆಂದು ವಾದಿಸಿದರು. ಜೇಬುಗಳ್ಳನ ಮನಸ್ಸನ್ನು ಅಷ್ಟು ಜೋಪಾನವಾಗಿ ತೂಗಿದ ಲೇಖಕರು ನ್ಯಾಯಾಧೀಶನೊಬ್ಬನ ಮನಸ್ಸನ್ನು ಸಾಕ್ಷ್ಯವಿಲ್ಲದೆ ಓದಿದ್ದರು.

1857ರ ಹೋರಾಟದ ಸುದ್ದಿ ಬಂದಾಗಲೂ ಹಾಗೆಯೇ ಆಯಿತು. ಒಂದು ಹಕ್ಕಿಯ ನೋವನ್ನೂ ನೋಡಲಾರದ ತಾವು, ನಾನಾಸಾಹೇಬರು ಚಿತ್ರಹಿಂಸೆ ಪಡುವುದನ್ನು ಕಣ್ಣು ಮಿಟುಕಿಸದೆ ನೋಡಬಲ್ಲೆವೆಂಬ ಭಾವವನ್ನು ಅವರು ತಮ್ಮ ದಿನಚರಿಯಲ್ಲಿ ದಾಖಲಿಸಿದ್ದಾರೆ. ಆ ದಿನಗಳಲ್ಲಿ ಉತ್ತರ ಭಾರತದಲ್ಲಿ ಹಿಂದೂ ಮುಸ್ಲಿಮರೆನ್ನದೆ ಅನೇಕರನ್ನು, ಯಾರ ಉದ್ದೇಶ ಏನಿತ್ತೆಂದು ವಿಚಾರಿಸುವ ಗೋಜಿಗೂ ಹೋಗದೆ ಮರಗಳಿಗೆ ನೇತುಹಾಕಲಾಯಿತು. ದ್ವೇಷ ತಲೆಗೇರಿದಾಗ ಮೊದಲು ಸಾಯುವುದು ಈ ವಿಚಾರಣೆಯೇ. ಅದನ್ನು ಬರೆದಿಟ್ಟ ಪಂಡಿತರೂ ಆ ಹೊತ್ತಿನಲ್ಲಿ ಮರೆಯಬಲ್ಲರು.

1857ರಲ್ಲೇ ಅವರು ಬ್ಯಾರನ್ ಪದವಿ ಪಡೆದು ಲಾರ್ಡ್ ಮೆಕಾಲೆಯಾದರು. ಹೃದಯದ ಕಾಯಿಲೆಯಿಂದ ಬಳಲುತ್ತಿದ್ದ ಅವರು 1859ರ ಡಿಸೆಂಬರ್ 28ರಂದು ಲಂಡನ್ನಿನ ತಮ್ಮ ಮನೆಯಲ್ಲಿ ನಿಧನರಾದರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರ ಸಮಾಧಿಯಿದೆ.

ಸಂಹಿತೆಯ ಮುಂದಿನ ಕಥೆ

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕರಡು ಕಡತಗಳಲ್ಲೇ ಉಳಿದಿತ್ತು. ಬಾರ್ನ್ಸ್ ಪೀಕಾಕ್ ಅದನ್ನು ಪರಿಷ್ಕರಿಸಿದರು. 1860ರ ಅಕ್ಟೋಬರ್ 6ರಂದು, ಬರೆದವರು ತೀರಿಕೊಂಡು ಒಂಬತ್ತು ತಿಂಗಳ ನಂತರ, ಅದು 511 ಕಲಮುಗಳ ಭಾರತೀಯ ದಂಡ ಸಂಹಿತೆಯಾಗಿ ಅಂಗೀಕಾರವಾಯಿತು. 1862ರ ಜನವರಿ 1ರಿಂದ ಜಾರಿಗೆ ಬಂದಿತು. ಅದನ್ನು ತಾಜೀರಾತೆ ಹಿಂದ್ ಎಂಬ ಹೆಸರಿನಲ್ಲಿ ಉರ್ದುವಿಗೆ ತಂದವರಲ್ಲಿ, ಮುಂದೆ ಉರ್ದು ಕಾದಂಬರಿಯ ಜನಕರೆನಿಸಿದ ಡೆಪ್ಯುಟಿ ನಝೀರ್ ಅಹಮದ್ ಒಬ್ಬರು. ಹೆಣ್ಣುಮಕ್ಕಳ ಶಿಕ್ಷಣದ ಆಶಯದ ಮಿರಾತುಲ್ ಉರೂಸ್ ಬರೆದವರೂ ಅವರೇ. ಸಂಹಿತೆ ಸಿಲೋನ್, ಮಲಯ, ಸಿಂಗಾಪುರಗಳಿಗೂ ಹಬ್ಬಿತು. ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲೂ ಮುಂದುವರಿಯಿತು.

ಅದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಮೆಕಾಲೆಯವರ ಕರಡಿನಲ್ಲಿದ್ದ ರಾಜದ್ರೋಹದ ಕಲಂ 1860ರಲ್ಲಿ ಬಿಟ್ಟುಹೋಗಿ, 1870ರಲ್ಲಿ 124ಎ ಎಂದು ಸೇರಿತು. ಲೋಕಮಾನ್ಯ ತಿಲಕರು, 1922ರಲ್ಲಿ ಮಹಾತ್ಮ ಗಾಂಧಿಯವರು, ಅದೇ ವರ್ಷ ಮೌಲಾನಾ ಅಬುಲ್ ಕಲಾಂ ಆಝಾದರು ಶಿಕ್ಷೆಗೊಳಗಾದದ್ದು ಈ ಕಲಮಿನ ಅಡಿಯಲ್ಲೇ. ನಿರ್ಲಕ್ಷ್ಯದಿಂದ ಸಾವು ತರುವ ಅಪರಾಧವೂ ಕರಡಿನಲ್ಲಿದ್ದು, ಕೈಬಿಟ್ಟು, 1870ರಲ್ಲೇ 304ಎ ಆಗಿ ಮರಳಿತು. ಇಂದು ರಸ್ತೆ ಅಪಘಾತದ ಸಾವುಗಳ ವಿಚಾರಣೆ ನಡೆಯುವುದು ಆ ವಿಚಾರದ ಮೇಲೆಯೇ. ಕೊಲ್ಲುವ ಉದ್ದೇಶವಿಲ್ಲದಿದ್ದರೂ ಇರಬೇಕಾದ ಎಚ್ಚರ ಇರಲಿಲ್ಲವೆಂಬುದೇ ಅಲ್ಲಿನ ತಪ್ಪು.

ಸ್ವಾತಂತ್ರ್ಯದ ನಂತರವೂ ಮನಸ್ಸಿನ ಪ್ರಶ್ನೆ ಮುಗಿಯಲಿಲ್ಲ. 1962ರ ನವೆಂಬರಿನಲ್ಲಿ ವಿಮಾನದಲ್ಲಿ ಬೊಂಬಾಯಿಯ ಮೂಲಕ ಹಾದುಹೋಗುತ್ತಿದ್ದ ವಿದೇಶಿ ಪ್ರಯಾಣಿಕನ ಬಳಿ ಚಿನ್ನ ಸಿಕ್ಕಿತು. ಅದನ್ನು ಘೋಷಿಸಬೇಕೆಂಬ ಹೊಸ ನಿಯಮ ಪ್ರಕಟವಾಗಿ ಕೆಲವೇ ದಿನಗಳಾಗಿದ್ದವು. ತನಗೆ ಗೊತ್ತಿರಲಿಲ್ಲವೆಂಬ ಅವನ ವಾದವನ್ನು 1964ರಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಒಪ್ಪಲಿಲ್ಲ. ದೇಶದ ಆರ್ಥಿಕ ರಕ್ಷಣೆಗಾಗಿ ಇರುವ ಆ ಕಾಯಿದೆಗೆ ಅಪರಾಧಿ ಮನಸ್ಸು ಬೇಕಿಲ್ಲ ಎಂದಿತು. ಮರುವರ್ಷವೇ, ಪರವಾನಗಿಗೆ ಅರ್ಜಿ ಹಾಕಿ, ಅದು ಸಿಕ್ಕೇ ಸಿಗುತ್ತದೆಂದು ನಂಬಿ ಧಾನ್ಯ ದಾಸ್ತಾನು ಮಾಡಿದ್ದ ಮಧ್ಯಪ್ರದೇಶದ ವ್ಯಾಪಾರಿಯೊಬ್ಬನನ್ನು, ತಪ್ಪು ಮಾಡುವ ಮನಸ್ಸು ಅವನಿಗಿರಲಿಲ್ಲವೆಂದು ಅದೇ ನ್ಯಾಯಾಲಯ ಬಿಡುಗಡೆ ಮಾಡಿತು. ಈ ಎರಡು ತೀರ್ಪುಗಳ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಚರ್ಚಿಸುತ್ತಾರೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಹಳೆಯ ದಂಡ ಸಂಹಿತೆ ರದ್ದಾಯಿತು. ಕಲಮುಗಳ ಸಂಖ್ಯೆ ಬದಲಾಗಿದೆ. ಕೊಲೆಯ ಶಿಕ್ಷೆಗೆ ಇದ್ದ 302 ಈಗ 103. ಹಲವು ಹೊಸ ಅಪರಾಧಗಳು ಸೇರಿವೆ. ಆದರೆ ಕೊಲೆ, ಕಳವು, ಮೋಸಗಳ ವ್ಯಾಖ್ಯೆಯೊಳಗಿನ ಉದ್ದೇಶ, ಅರಿವು, ಅಪ್ರಾಮಾಣಿಕತೆ ಎಂಬ ಮಾತುಗಳು ಹಾಗೆಯೇ ಉಳಿದಿವೆ. ಕೊಡಲಿಯಿಂದ ಕೆಲಸ ಮಾಡುತ್ತಿದ್ದಾಗ ಅದರ ತಲೆ ಹಾರಿ ಪಕ್ಕದವನಿಗೆ ಬಡಿದ ಹಳೆಯ ದೃಷ್ಟಾಂತವೂ ಹೊಸ ಪುಸ್ತಕದಲ್ಲಿದೆ.

ಅವರ ಅಳತೆಯಲ್ಲಿ ಅವರು

ಹಾಗಾದರೆ ಮೆಕಾಲೆಯವರನ್ನು ನಾವು ಹೇಗೆ ನೋಡಬೇಕು? ಅವರ ಸಂಹಿತೆಯ ಅಳತೆಗೋಲನ್ನೇ ಹಿಡಿಯೋಣ. ನಮ್ಮ ಪೂರ್ವಿಕರ ವಿದ್ಯೆಯನ್ನು ನಾಶಮಾಡಿ ಜನರನ್ನು ಕತ್ತಲೆಯಲ್ಲಿಡಬೇಕೆಂಬುದು ಅವರ ಉದ್ದೇಶವಾಗಿತ್ತು ಎನ್ನಲು ಆಧಾರವಿಲ್ಲ. ಇಂಗ್ಲಿಷ್ ಕಲಿತರೆ ಭಾರತೀಯರಿಗೆ ಒಳಿತಾಗುತ್ತದೆಂದು ಅವರು ನಂಬಿದ್ದರು. ಆದ್ದರಿಂದ ದುರುದ್ದೇಶದ ಆರೋಪ ನಿಲ್ಲುವುದಿಲ್ಲ. ಆದರೆ ಸಂಹಿತೆ ಇನ್ನೊಂದು ಮಾತನ್ನೂ ಹೇಳುತ್ತದೆ. ತಕ್ಕ ಎಚ್ಚರ ಮತ್ತು ಗಮನವಿಲ್ಲದೆ ನಂಬಿದ್ದನ್ನು ಸದ್ಭಾವನೆಯಿಂದ ನಂಬಿದ್ದೆಂದು ಕಾನೂನು ಒಪ್ಪುವುದಿಲ್ಲ. ಎರಡು ಭಾಷೆಗಳ ಅಕ್ಷರವೂ ತಿಳಿಯದೆ, ಅವುಗಳಲ್ಲಿ ಬರೆದ ಶತಮಾನಗಳ ಜ್ಞಾನವನ್ನು ತಳ್ಳಿಹಾಕಿದಾಗ ಆ ಎಚ್ಚರ ಎಲ್ಲಿತ್ತು? ಉದ್ದೇಶದ ಬಗ್ಗೆ ತಾವು ಮಾಡುತ್ತಿದ್ದ ವಿಚಾರವನ್ನೇ ಅಬೂ ಹನೀಫಾ ಮತ್ತು ಅವರ ಶಿಷ್ಯರು ಎಷ್ಟೋ ಹಿಂದೆ ಮಾಡಿದ್ದರೆಂಬುದು ಅರಬಿ ಓದಿದ್ದರೆ ಅವರಿಗೆ ತಿಳಿಯುತ್ತಿತ್ತು. ಕೊಲೆಯ ಆರೋಪದಿಂದ ಅವರನ್ನು ಬಿಡಬಹುದು. ನಿರ್ಲಕ್ಷ್ಯದ ಆರೋಪದಿಂದ ಬಿಡಲಾಗದು.

ಈ ಅಳತೆ ಅವರಿಗೆ ಮಾತ್ರವಲ್ಲ, ನಮಗೂ ಅನ್ವಯಿಸುತ್ತದೆ. ಮನೆಯಲ್ಲಿ, ಹಾಸ್ಟೆಲಿನಲ್ಲಿ, ಮೊಹಲ್ಲಾದಲ್ಲಿ ಜಗಳವಾದಾಗ ನಮ್ಮ ಬಾಯಿಂದ ಮೊದಲು ಬರುವ ಮಾತು, ಅವನು ಬೇಕಂತಲೇ ಮಾಡಿದ ಎಂಬುದು. ಅದು ಸಣ್ಣ ಮಾತಲ್ಲ, ಒಂದು ತೀರ್ಪು. ಇನ್ನೊಬ್ಬರ ನಿಯ್ಯತ್ತಿನ ಮೇಲೆ ಆರೋಪ ಹೊರಿಸುವವರು ಅದಕ್ಕೆ ಪುರಾವೆ ಒದಗಿಸಬೇಕು. ಕಾನೂನು ಓದಲು ಹೊರಟಿರುವ ನಮ್ಮ ಹುಡುಗ ಹುಡುಗಿಯರು ನಾಳೆ ವಕೀಲರಾಗಿ, ನ್ಯಾಯಾಧೀಶರಾಗಿ ಕುಳಿತಾಗ, ಎದುರು ನಿಂತವನು ಯಾವ ಜಾತಿ, ಯಾವ ಧರ್ಮದವನೆಂದು ನೋಡದೆ, ಅವನ ಕೈ ಏನು ಮಾಡಿತು, ಮನಸ್ಸು ಏನು ಬಯಸಿತ್ತು ಎಂಬ ಎರಡೂ ಪ್ರಶ್ನೆಗಳನ್ನು ತಾಳ್ಮೆಯಿಂದ ಕೇಳಲಿ.